ಕೊಟ್ಟಿಗೆಯ ಲೆಕ್ಕ

ಸ್ಮರಣ ಸಂಚಿಕೆಗಳಲ್ಲಿ ಮುಖ್ಯೋಪಾಧ್ಯಾಯಿನಿಯಾದವಳು ಶಾಲೆಯ ಕಟ್ಟಡ, ಪರೀಕ್ಷೆಯ ಫಲಿತಾಂಶ, ವಾರ್ಷಿಕೋತ್ಸವ, ಇವುಗಳ ವಿಷಯವಾಗಿ ಬರೆಯುವುದು ವಾಡಿಕೆ. ಈ ಸಾರಿ ನಾವು ಅದನ್ನು ಬಿಟ್ಟು ಹಾಲು ಕೊಡುವ ಹಸುವಿನ ವಿಷಯವಾಗಿ ಒಂದು ಪಾಠವನ್ನು ಬರೆಯುತ್ತಿದ್ದೇವೆ. ಇದನ್ನು ಕಂಡು ಕೆಲವರು ನಗಬಹುದು. ಆದರೆ ನಮ್ಮ ಶಾಲೆಗೆ ಬರುವ ಹುಡುಗಿಯರಲ್ಲಿ ಅನೇಕರ ಪುಸ್ತಕದ ಹಣವೂ ಬಸ್ಸಿನ ಹಣವೂ ಸಮವಸ್ತ್ರದ ಹಣವೂ ಹಾಲಿನ ಬಟವಾಡೆಯಿಂದಲೇ ಬರುವುದೆಂಬುದನ್ನು ಬಲ್ಲವರು ನಗಲಾರರು. ಮಹಾತ್ಮಾ ಗಾಂಧಿಯವರು 1927ರಲ್ಲಿ ದೇಹಸ್ಥಿತಿ ಸರಿಯಿಲ್ಲದೆ ಬೆಂಗಳೂರಿನಲ್ಲಿ ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದಾಗ, ಅಲ್ಲಿ 1923ರಲ್ಲಿ ಸ್ಥಾಪಿತವಾಗಿದ್ದ ಹೈನುಗಾರಿಕೆಯ ಸಂಸ್ಥೆಗೆ ಹೋಗಿ ಶಿಷ್ಯರಂತೆ ಪಾಠ ಕಲಿತರು. ಅಂಥವರಿಗೆ ಕಡಮೆಯಾಗಿ ತೋರದ ವಿದ್ಯೆಯು ನಮಗೂ ಕಡಮೆಯಲ್ಲ.

ಈ ಪಾಠವು ಹುಟ್ಟಿದ ಬಗೆಯನ್ನು ಮೊದಲು ಹೇಳಬೇಕು. ಎರಡು ವರ್ಷಗಳ ಹಿಂದೆ ನಮ್ಮ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಗಣಿತದಲ್ಲಿ ಚುರುಕು, ಆದರೆ ಬೆಳಗಿನ ಪ್ರಾರ್ಥನೆಯ ಗಂಟೆಯ ಹೊತ್ತಿಗೆ ವಾರದಲ್ಲಿ ಮೂರು ದಿನವೂ ಬರುತ್ತಿರಲಿಲ್ಲ. ನಾವು ಎರಡು ಬಾರಿ ಅವಳನ್ನು ಗದರಿಸಿದೆವು. ಮೂರನೆಯ ಬಾರಿ ಅವಳ ತಾಯಿಯನ್ನು ಕರೆತರುವಂತೆ ಹೇಳಿದೆವು. ಆ ತಾಯಿ ಬಂದು, ಸೆರಗನ್ನು ಕೈಯಲ್ಲಿ ಹಿಡಿದು ನಿಂತು, "ಅಮ್ಮಾವರೇ, ಇವಳು ಹುಲ್ಲು ಕೊಯ್ದು ಹಾಕಿ ಬರುತ್ತಾಳೆ. ಇವಳಿಲ್ಲದಿದ್ದರೆ ಹಸುವಿಗೆ ಹುಲ್ಲು ತರುವವರು ಯಾರು?" ಎಂದು ಕೇಳಿದಳು. ಅಷ್ಟೇ ಅಲ್ಲದೆ, ಮನೆಯವರು ಸಾಲ ಮಾಡಿ ಎರಡನೆಯ ಸೀಮೆ ಹಸುವನ್ನು ತರಬೇಕೆಂದು ನಿಶ್ಚಯಿಸಿರುವರೆಂದೂ, ಬಂದ ಮೇಲೆ ಹುಡುಗಿಯನ್ನು ಹತ್ತನೆಯ ತರಗತಿಗೆ ಕಳುಹಿಸುವುದು ಕಷ್ಟವೆಂದೂ ಹೇಳಿದಳು. ಅವಳ ಪ್ರಶ್ನೆಗೆ ಆ ದಿನ ನಮ್ಮಲ್ಲಿ ಉತ್ತರವಿರಲಿಲ್ಲ. ಹುಡುಗಿಯನ್ನು ಗದರಿಸಿದ್ದಕ್ಕಾಗಿ ನಾಚಿಕೆ ಮಾತ್ರ ಇತ್ತು.

ಆ ಮೇಲೆ ನಾವು ಅದೇ ತರಗತಿಯ ಗಣಿತದ ಪಾಠದಲ್ಲಿ ಹಸುವಿನ ಲೆಕ್ಕವನ್ನು ತೆಗೆದುಕೊಂಡೆವು. ಹುಡುಗಿಯರು ತಮ್ಮ ತಮ್ಮ ಮನೆಗಳಿಂದ ಡೈರಿಯ ಚೀಟಿ, ಹಿಂಡಿಯ ಚೀಲದ ಬೆಲೆ, ಔಷಧದ ಖರ್ಚು, ಇವೆಲ್ಲವನ್ನು ವಿಚಾರಿಸಿಕೊಂಡು ಬಂದರು. ಹೀಗೆ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಕೊಡುತ್ತೇವೆ.

1. ಹಾಲಿನ ಬೆಲೆ

ಹಾಲಿನಲ್ಲಿ ನೂರಕ್ಕೆ ಸುಮಾರು 87 ಪಾಲು ನೀರು. ಉಳಿದ 13 ಪಾಲಿನಲ್ಲಿ ಜಿಡ್ಡು ಒಂದು ಭಾಗ. ಸಸಾರಜನಕ, ಸಕ್ಕರೆ, ಲವಣ ಮುಂತಾದ ಜಿಡ್ಡಲ್ಲದ ಘನಾಂಶವು ಮತ್ತೊಂದು ಭಾಗ. ಹಾಲನ್ನು ಬರಿಯ ಅಳತೆಯ ಮೇಲೆ ಕೊಳ್ಳುತ್ತಿದ್ದ ಕಾಲದಲ್ಲಿ ನೀರು ಬೆರೆಸಿದವನಿಗೆ ಲಾಭವಾಗುತ್ತಿತ್ತು, ಪ್ರಾಮಾಣಿಕನಿಗೆ ನಷ್ಟವಾಗುತ್ತಿತ್ತು. ಅಮೇರಿಕದ ವಿಸ್ಕಾನ್ಸಿನ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಸ್ಟೀಫನ್ ಬ್ಯಾಬ್‌ಕಾಕ್ ಎಂಬವರು 1890ರಲ್ಲಿ ಹಾಲಿನ ಜಿಡ್ಡನ್ನು ಸುಲಭವಾಗಿ ಅಳೆಯುವ ರೀತಿಯನ್ನು ಪ್ರಕಟಿಸಿದರು. ಅದರ ಹಕ್ಕನ್ನು ತಮ್ಮ ಸ್ವಂತಕ್ಕೆ ಕಾದಿಟ್ಟುಕೊಳ್ಳದೆ ಎಲ್ಲರಿಗೂ ಬಿಟ್ಟುಕೊಟ್ಟರು. ಈಗ ನಮ್ಮ ಹಳ್ಳಿಗಳ ಡೈರಿಯಲ್ಲಿ ಯಂತ್ರಕ್ಕೆ ಒಂದಿಷ್ಟು ಹಾಲನ್ನು ಒಡ್ಡಿದ ಕೂಡಲೇ ಜಿಡ್ಡು ಇಷ್ಟು, ಘನಾಂಶ ಇಷ್ಟು ಎಂದು ಚೀಟಿ ಬರುತ್ತದೆ. ಬೆಲೆಯು ಆ ಎರಡು ಅಂಕಗಳ ಮೇಲೆ ನಿಂತಿರುವುದರಿಂದ, ಚೀಟಿಯನ್ನು ಓದಬಲ್ಲ ಮಗಳು ಮನೆಯಲ್ಲಿರುವುದು ಆ ಮನೆಗೆ ದೊಡ್ಡ ಅನುಕೂಲ. ಘನಾಂಶವು ದಿನೇ ದಿನೇ ಇಳಿಯುತ್ತಿದ್ದರೆ ಮೇವಿನಲ್ಲಿ ಏನೋ ಕೊರತೆಯಿದೆಯೆಂದೋ, ಹಸುವಿನ ಕೆಚ್ಚಲಿಗೆ ಏನೋ ತೊಂದರೆಯಿದೆಯೆಂದೋ ಸಂಶಯಪಡಬೇಕು. ಎಷ್ಟೋ ಮನೆಗಳಲ್ಲಿ ಆ ಚೀಟಿಯು ಓದದೆಯೇ ಸೂರಿನ ಸಂದಿಗೆ ಹೋಗುತ್ತದೆ.

ಬೆಲೆಯನ್ನು ಯಾರು ಗೊತ್ತು ಮಾಡುವರು? ಒಬ್ಬೊಬ್ಬನೇ ನಿಂತ ರೈತನಿಗೆ ಬೆಲೆಯ ಮಾತಿನಲ್ಲಿ ಬಾಯಿಲ್ಲ. ಹಾಲು ಬೆಳಗಾಗುವಷ್ಟರಲ್ಲಿ ಕೆಡುವ ಪದಾರ್ಥವಾದ್ದರಿಂದ ಕೊಳ್ಳುವವನು ಹೇಳಿದ್ದೇ ಬೆಲೆ. ಡೆನ್ಮಾರ್ಕ್ ದೇಶದ ರೈತರು ಇದನ್ನು ತಿಳಿದು 1882ರಲ್ಲಿ ತಮ್ಮ ಮೊದಲನೆಯ ಸಹಕಾರಿ ಹಾಲಿನ ಕಾರ್ಖಾನೆಯನ್ನು ಸ್ಥಾಪಿಸಿದರು. ನಮ್ಮ ದೇಶದಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ರೈತರು ಮುಂಬಯಿಗೆ ಹೋಗುವ ಹಾಲಿನ ಬೆಲೆಯ ಲಾಭವೆಲ್ಲವೂ ನಡುವಿನವರಿಗೆ ಹೋಗುತ್ತಿದ್ದುದನ್ನು ಕಂಡು, ಸರದಾರ ಪಟೇಲರ ಸಲಹೆಯಂತೆ ಹಾಲು ಕೊಡುವುದನ್ನೇ ಹದಿನೈದು ದಿನ ನಿಲ್ಲಿಸಿದರು. ತ್ರಿಭುವನದಾಸ ಪಟೇಲರ ಮುಂದಾಳುತನದಲ್ಲಿ ಅವರ ಒಕ್ಕೂಟವು 1946ನೆಯ ಡಿಸೆಂಬರಿನಲ್ಲಿ ದಾಖಲಾಯಿತು. ಅದೇ ಈಗಿನ ಅಮುಲ್. ಕರ್ನಾಟಕದಲ್ಲಿ 1974ರಲ್ಲಿ ಹೈನು ಅಭಿವೃದ್ಧಿ ನಿಗಮವು ವಿಶ್ವ ಬ್ಯಾಂಕಿನ ಸಹಾಯದಿಂದ ಆರಂಭವಾಗಿ, ಊರೂರಿನಲ್ಲಿ ಹಾಲು ಉತ್ಪಾದಕರ ಸಂಘಗಳನ್ನು ಏರ್ಪಡಿಸಿತು. 1984ರಲ್ಲಿ ಅದು ಹಾಲು ಮಹಾಮಂಡಲವಾಯಿತು. ನಂದಿನಿ ಎಂಬ ಹೆಸರು ಎಲ್ಲರಿಗೂ ಗೊತ್ತಿರುವುದೇ. ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ, ಚಿಕ್ಕಬಳ್ಳಾಪುರಗಳ ಬಯಲುಸೀಮೆಯಲ್ಲಿ ರೇಷ್ಮೆ ಮತ್ತು ಹಾಲು ಇವೆರಡೇ ಅನೇಕ ಮನೆಗಳನ್ನು ಬರಗಾಲಗಳಲ್ಲಿ ಉಳಿಸಿದವು.

ಸಂಘದ ಬೆಲೆಯಲ್ಲದೆ, ಸರ್ಕಾರದ ಪ್ರೋತ್ಸಾಹಧನವೂ ಉತ್ಪಾದಕರಿಗೆ ಸೇರುತ್ತದೆ. 2008ರಲ್ಲಿ ಲೀಟರಿಗೆ 2 ರೂಪಾಯಿಯಂತೆ ಆರಂಭವಾದ ಇದು ಕಾಲಕ್ರಮದಲ್ಲಿ 5 ರೂಪಾಯಿಯಾಯಿತು. 2025ನೆಯ ಏಪ್ರಿಲ್ 1ರಿಂದ ಮಾರಾಟದ ಬೆಲೆಯು ಲೀಟರಿಗೆ 4 ರೂಪಾಯಿ ಏರಿ, ನೀಲಿ ಪೊಟ್ಟಣದ ಹಾಲು 42 ರೂಪಾಯಿಯಿಂದ 46ಕ್ಕೆ ಬಂದಿತು. ಆ ನಾಲ್ಕು ರೂಪಾಯಿ ರೈತರಿಗೇ ಸಲ್ಲತಕ್ಕದ್ದೆಂದು ಸರ್ಕಾರದವರು ತಿಳಿಸಿದರು. ಪಟ್ಟಣದವರು ಬೆಲೆ ಹೆಚ್ಚಾಯಿತೆಂದು ಗೊಣಗಿದರು. ಹಳ್ಳಿಯವರು ಇನ್ನೂ ಸಾಲದೆಂದರು. ಹಾಲು ಹೆಚ್ಚಾಗಿ ಹರಿದು ಬರುವ ತಿಂಗಳುಗಳಲ್ಲಿ ಒಕ್ಕೂಟಗಳು ಕೊಳ್ಳುವ ಬೆಲೆಯನ್ನು ಒಂದೆರಡು ರೂಪಾಯಿ ಇಳಿಸುವುದೂ ಉಂಟು. ಆದಕಾರಣ ಬೆಲೆಯು ಇಂದು ಇದ್ದಂತೆ ನಾಳೆಯೂ ಇರುವುದೆಂದು ನಂಬಿ ಸಾಲ ಮಾಡತಕ್ಕದ್ದಲ್ಲ.

2. ಮೇವು

ಹಿಂದೆ ಹಸುವನ್ನು ಸಾಕುವುದಕ್ಕೆ ಇಷ್ಟು ಖರ್ಚು ಇರಲಿಲ್ಲವೆಂದು ಅಜ್ಜಿಯರು ಹೇಳುವರು. ಅದು ನಿಜ. ಆಗ ಊರಿಗೊಂದು ಗೋಮಾಳವಿತ್ತು. ನಾಟಿ ಹಸುಗಳನ್ನು ಹೊತ್ತು ಹುಟ್ಟಿದ ಮೇಲೆ ಹೊಡೆದುಕೊಂಡು ಹೋದರೆ ಸಂಜೆ ತಾವಾಗಿಯೇ ಕೊಟ್ಟಿಗೆಗೆ ಬರುತ್ತಿದ್ದವು. ಊರಿನ ಎಲ್ಲರ ದನಗಳಿಗೆ ಒಬ್ಬ ದನ ಕಾಯುವವನು ಸಾಕಾಗುತ್ತಿದ್ದನು. ಮೈಸೂರಿನ ಅರಸರ ಕಾಲದಲ್ಲಿ ಅಮೃತ ಮಹಲ್ ದನಗಳಿಗಾಗಿ ವಿಶಾಲವಾದ ಕಾವಲುಗಳೂ ಇದ್ದವು.

ನೂರು ದನಗಳಿಗೆ ಮೂವತ್ತು ಎಕರೆಯಂತೆ ಗೋಮಾಳವನ್ನು ಬಿಡಬೇಕೆಂಬುದು ಈಗಲೂ ನಮ್ಮ ರಾಜ್ಯದ ಕಂದಾಯ ನಿಯಮದಲ್ಲಿದೆ. ಆದರೆ ನಿಯಮವು ಪುಸ್ತಕದಲ್ಲಿರುವಾಗಲೇ ನೆಲವು ಬೇರೆ ಕೆಲಸಗಳಿಗೆ ಹೋಯಿತು. ಕೆಲವು ಕಡೆ ಬಗರ್‌ಹುಕುಂ ಸಾಗುವಳಿ. ಕೆಲವು ಕಡೆ ನಿವೇಶನ, ಕಛೇರಿ, ಶಾಲೆ, ನೀಲಗಿರಿಯ ತೋಪು. ಚಳ್ಳಕೆರೆಯ ಬಳಿಯ ಅಮೃತ ಮಹಲ್ ಕಾವಲಿನ ಸಾವಿರಾರು ಎಕರೆಗಳು 2008ರಿಂದೀಚೆಗೆ ವಿಜ್ಞಾನ ಮತ್ತು ರಕ್ಷಣೆಯ ಸಂಸ್ಥೆಗಳಿಗೆ ಕೊಡಲ್ಪಟ್ಟವು. ನೆಲವಿಲ್ಲದ ಬಡವನು ಸಾಗುವಳಿ ಮಾಡಿದ್ದು ತಪ್ಪೆಂದು ನಾವು ಹೇಳುವುದಿಲ್ಲ; ಶಾಲೆ ಕಟ್ಟಿದ್ದು ತಪ್ಪೆಂದಂತೂ ಹೇಳಲಾರೆವು. ಹೇಳತಕ್ಕ ಮಾತೇನೆಂದರೆ, ಗೋಮಾಳವು ಪುಕ್ಕಟೆಯಾಗಿ ಕೊಡುತ್ತಿದ್ದ ಹುಲ್ಲನ್ನು ಈಗ ಯಾರೋ ಒಬ್ಬರು ತರಲೇಬೇಕು. ಸೀಮೆ ಹಸುವಾದರೋ ಬಿಸಿಲಿನಲ್ಲಿ ಅಲೆದು ಮೇಯುವಂಥದಲ್ಲ. ಕಟ್ಟಿದ ಕಡೆಯೇ ಎಲ್ಲವೂ ಬರಬೇಕು. ಹಾಗೆ ತರುವವರು ಯಾರು? ಕುಡುಗೋಲು ಹಿಡಿದು ಹೊಲದ ಬದುವಿನಿಂದ ಬದುವಿಗೆ ಹೋಗಿ, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ತರುವವರು ಹೆಂಗಸರು ಮತ್ತು ಹುಡುಗಿಯರು. ಗೋಮಾಳವು ಹೋದಾಗ ಅದರ ಭಾರವು ಅವರ ತಲೆಗೆ ಬಂದಿತು. ಈ ವೆಚ್ಚವು ಯಾವ ಲೆಕ್ಕದ ಪುಸ್ತಕದಲ್ಲಿಯೂ ಕಾಣುವುದಿಲ್ಲ.

ಹಾಲು ಕೊಡುವ ಮಿಶ್ರತಳಿಯ ಒಂದು ಹಸುವಿಗೆ ದಿನಕ್ಕೆ ಹಸಿರು ಮೇವು ಸುಮಾರು 20 ಕೆ.ಜಿ., ಒಣ ಹುಲ್ಲು 5 ರಿಂದ 6 ಕೆ.ಜಿ. ಬೇಕು. ಪಶು ಆಹಾರವನ್ನು ಮೈಪೋಷಣೆಗೆ ಒಂದೂವರೆ ಕೆ.ಜಿ.ಯೂ, ಕರೆಯುವ ಪ್ರತಿ ಎರಡೂವರೆ ಲೀಟರು ಹಾಲಿಗೆ ಒಂದು ಕೆ.ಜಿ.ಯೂ ಲೆಕ್ಕಕ್ಕೆ ಕೊಡುವುದು ವಾಡಿಕೆಯ ಸೂತ್ರ. ರಾಗಿಯ ಹುಲ್ಲು ಭತ್ತದ ಹುಲ್ಲಿಗಿಂತ ಪುಷ್ಟಿಯುಳ್ಳದ್ದು. ಈ ವಿಷಯದಲ್ಲಿ ನಮ್ಮ ಬಯಲುಸೀಮೆಯವರು ಭಾಗ್ಯಶಾಲಿಗಳು. ಅಲಸಂದೆ, ಕುದುರೆಮೆಂತೆ ಮುಂತಾದ ದ್ವಿದಳದ ಹಸಿರು ಮೇವು 8 ರಿಂದ 10 ಕೆ.ಜಿ.ಯಾದರೆ ಅದು ಸುಮಾರು ಒಂದು ಕೆ.ಜಿ. ಪಶು ಆಹಾರದ ಕೆಲಸವನ್ನು ಮಾಡುತ್ತದೆ. ಬರಿಯ ಹುಲ್ಲಾದರೆ ಅದೇ ಕೆಲಸಕ್ಕೆ 20 ಕೆ.ಜಿ. ಬೇಕು. ನೇಪಿಯರ್ ಜಾತಿಯ ಹುಲ್ಲನ್ನು ಒಮ್ಮೆ ನಾಟಿದರೆ, ನೀರಿದ್ದಲ್ಲಿ, ಸುಮಾರು ಒಂದೂವರೆ ತಿಂಗಳಿಗೊಮ್ಮೆ ಕೊಯ್ಯುತ್ತ ವರ್ಷಗಟ್ಟಲೆ ನಡೆಸಬಹುದು. ಮುಸುಕಿನ ಜೋಳವನ್ನು ಕಾಳು ಹಾಲು ತುಂಬಿದ ಹೊತ್ತಿಗೆ ಕೊಯ್ದು, ಕತ್ತರಿಸಿ, ಗಾಳಿಯಾಡದಂತೆ ತುಳಿದು ಮುಚ್ಚಿಟ್ಟರೆ ರಸಮೇವಾಗಿ ಬೇಸಿಗೆಗೆ ಒದಗುತ್ತದೆ. ಹಿತ್ತಲಲ್ಲಿ ಬೆಳೆದ ಹುಲ್ಲಿಗೂ ಮೈಲಿ ದೂರದಿಂದ ಹೊತ್ತು ತಂದ ಹುಲ್ಲಿಗೂ ಹಸುವಿನ ಹೊಟ್ಟೆಯಲ್ಲಿ ಭೇದವಿಲ್ಲ; ಹೊರುವವಳ ಕಾಲದಲ್ಲಿ ಮಾತ್ರ ಬಹಳ ಭೇದವಿದೆ.

3. ಒಂದು ಹಸುವಿನ ಒಂದು ವರ್ಷದ ಲೆಕ್ಕ

ಈಗ ಲೆಕ್ಕಕ್ಕೆ ಬರೋಣ. ಕೆಳಗಿನ ಬೆಲೆಗಳು ಉದಾಹರಣೆಗಾಗಿ ಮಾತ್ರ. ವಾಚಕರು ತಮ್ಮ ಊರಿನ ಬೆಲೆಗಳನ್ನು ಹಾಕಿಕೊಂಡು ನೋಡಬೇಕು. ಹಸುವು ವರ್ಷದಲ್ಲಿ 300 ದಿನ ಹಾಲು ಕೊಟ್ಟು 65 ದಿನ ಬತ್ತಿರುವುದೆಂದೂ, ಸರಾಸರಿ ದಿನಕ್ಕೆ 9 ಲೀಟರು ಕೊಡುವುದೆಂದೂ ಇಟ್ಟುಕೊಳ್ಳೋಣ. ಸಂಘದ ಬೆಲೆ 35 ರೂಪಾಯಿ, ಪ್ರೋತ್ಸಾಹಧನ 5 ರೂಪಾಯಿ, ಕೂಡಿ 40. ಮನೆಯಲ್ಲಿ ಕುಡಿದ ಹಾಲಿಗೂ ಇದೇ ಬೆಲೆ ಹಿಡಿದಿದೆ.

ಉತ್ಪತ್ತಿ: 2,700 ಲೀಟರು ಹಾಲಿಗೆ 1,08,000 ರೂ.

ವೆಚ್ಚ:
ಪಶು ಆಹಾರ, ಕರೆಯುವ ದಿನ 5 ಕೆ.ಜಿ., ಬತ್ತಿದ ದಿನ 2 ಕೆ.ಜಿ., ಕೆ.ಜಿ.ಗೆ 25 ರೂ. ಮೇರೆಗೆ: 40,750 ರೂ.
ಒಣ ಹುಲ್ಲು, ದಿನಕ್ಕೆ 6 ಕೆ.ಜಿ., ಕೆ.ಜಿ.ಗೆ 6 ರೂ. ಮೇರೆಗೆ: 13,140 ರೂ.
ಹಸಿರು ಮೇವು, ದಿನಕ್ಕೆ 20 ಕೆ.ಜಿ., ಕೆ.ಜಿ.ಗೆ 2 ರೂ. ಮೇರೆಗೆ: 14,600 ರೂ.
ವೈದ್ಯ, ಔಷಧ, ಗರ್ಭಧಾರಣೆ, ವಿಮೆ: 6,000 ರೂ.
ಒಟ್ಟು ವೆಚ್ಚ: 74,490 ರೂ.

ಉಳಿದದ್ದು 33,510 ರೂಪಾಯಿ. ಅನೇಕರು ಲೆಕ್ಕವನ್ನು ಇಲ್ಲಿಗೇ ನಿಲ್ಲಿಸಿ ಸಂತೋಷಪಡುವರು. ಆದರೆ 70,000 ರೂಪಾಯಿ ಕೊಟ್ಟು ತಂದ ಹಸುವು ಏಳು ವರ್ಷ ದುಡಿದು ಮುದಿಯಾಗುವುದೆಂದರೆ ವರ್ಷಕ್ಕೆ 10,000 ರೂಪಾಯಿ ಸವೆಯಿತು. ಆ ಹಣಕ್ಕೆ ನೂರಕ್ಕೆ ಹತ್ತರಂತೆ ಬಡ್ಡಿ 7,000. ಇವೆರಡನ್ನು ಕಳೆದರೆ 16,510. ಗೊಬ್ಬರದ ಬೆಲೆಯನ್ನೂ ಕರುವಿನ ಬೆಲೆಯನ್ನೂ ಸೇರಿಸಬೇಕಲ್ಲವೇ ಎಂದು ಹುಡುಗಿಯರು ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ಕರುವು ಕುಡಿಯುವ ಹಾಲು, ತಿನ್ನುವ ಮೇವು, ಕೊಟ್ಟಿಗೆಯ ದುರಸ್ತಿ, ಇವು ನಮ್ಮ ವೆಚ್ಚದಲ್ಲಿಯೂ ಇಲ್ಲ; ಅದಕ್ಕೆ ಇದು ಸರಿಯಾಯಿತೆಂದು ಒಪ್ಪಿಕೊಂಡೆವು.

ಇನ್ನು ಕೊನೆಯ ಬಾಬು. ಎರಡು ಹೊತ್ತು ಕರೆಯುವುದು, ಸಗಣಿ ಬಾಚುವುದು, ನೀರು ಕುಡಿಸುವುದು, ಮೈ ತೊಳೆಯುವುದು, ಹುಲ್ಲು ತರುವುದು, ಡೈರಿಗೆ ಹಾಲು ಹಾಕಿ ಬರುವುದು, ಇವೆಲ್ಲಕ್ಕೂ ದಿನಕ್ಕೆ ಎಷ್ಟು ಹೊತ್ತು ಹಿಡಿಯುವುದೆಂದು ಕೇಳಿದಾಗ, ತರಗತಿಯ ಹುಡುಗಿಯರು ಎಲ್ಲರಿಗಿಂತ ಬೇಗ ಉತ್ತರ ಹೇಳಿದ್ದು ಈ ಪ್ರಶ್ನೆಗೇ. ಸರಾಸರಿ ನಾಲ್ಕು ಗಂಟೆಯೆಂದು ಹಿಡಿದರೆ ವರ್ಷಕ್ಕೆ 1,460 ಗಂಟೆಯಾಯಿತು. 16,510 ರೂಪಾಯಿಯನ್ನು ಅದರಿಂದ ಭಾಗಿಸಿದರೆ ಗಂಟೆಗೆ 11 ರೂಪಾಯಿಯಷ್ಟು ಬರುತ್ತದೆ. ಕೂಲಿಯವರಿಗೆ ಗಂಟೆಗೆ 40 ರೂಪಾಯಿ ಕೊಟ್ಟು ಮಾಡಿಸಿದರೆ 58,400 ರೂಪಾಯಿ ಬೇಕು. ಆಗ ಹಸುವಿನಿಂದ ನಷ್ಟವೇ ಹೊರತು ಲಾಭವಿಲ್ಲ. ಹಾಗಾದರೆ ಹಸುವಿನ ಲಾಭವೆಂದು ನಾವು ಎಣಿಸುತ್ತಿರುವುದು ಮನೆಯ ಹೆಣ್ಣುಮಕ್ಕಳಿಗೆ ಕೊಡದೆ ಉಳಿಸಿಕೊಂಡ ಕೂಲಿಯೇ. ಈ ಉತ್ತರವನ್ನು ಕರಿಹಲಗೆಯ ಮೇಲೆ ಬರೆದಾಗ ತರಗತಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

ಆದುದರಿಂದ ಹಸುವನ್ನು ಮಾರಿಬಿಡಬೇಕೇ? ಅಲ್ಲ. ಬಯಲುಸೀಮೆಯ ಹಳ್ಳಿಯಲ್ಲಿ ಆ ನಾಲ್ಕು ಗಂಟೆಗಳಿಗೆ ಬೇರೆ ಕೂಲಿ ಎಲ್ಲಾ ದಿನವೂ ದೊರೆಯುವುದಿಲ್ಲ. ರಾಗಿಯ ಹಣ ವರ್ಷಕ್ಕೊಮ್ಮೆ, ಹಾಲಿನ ಹಣ ಬಟವಾಡೆಯ ದಿನ ತಪ್ಪದೆ ಬರುವುದು. ಮಕ್ಕಳ ಬಾಯಿಗೆ ಹಾಲು ಬೀಳುವುದು, ಹೊಲಕ್ಕೆ ಗೊಬ್ಬರವಾಗುವುದು. ಮನೆಯಲ್ಲಿ ಬೆಳೆದ ಹುಲ್ಲಿಗೆ ಅಷ್ಟೊಂದು ಹಣ ಕೈಬಿಡುವುದೂ ಇಲ್ಲ. ನಮ್ಮ ಉದ್ದೇಶವು ಹಸುವನ್ನು ದೂರುವುದಲ್ಲ, ಲೆಕ್ಕವನ್ನು ಪೂರ್ತಿಯಾಗಿ ಬರೆಯುವುದು.

ಪೂರ್ತಿಯಾಗಿ ಬರೆದ ಲೆಕ್ಕದಿಂದ ಮತ್ತೊಂದು ಸಂಗತಿಯೂ ತಿಳಿಯಿತು. ಬೆಲೆಯು ಲೀಟರಿಗೆ 4 ರೂಪಾಯಿ ಇಳಿದರೆ ವರ್ಷಕ್ಕೆ 10,800 ರೂಪಾಯಿ ನಷ್ಟ. ಇದಕ್ಕಾಗಿ ಜನರು ಕೂಗಾಡುವರು, ಕೂಗಾಡುವುದು ನ್ಯಾಯವೇ. ಆದರೆ ಹಸುವು ಕಾಲಕ್ಕೆ ಸರಿಯಾಗಿ ಗಬ್ಬವಾಗದೆ ನಾಲ್ಕು ತಿಂಗಳು ತಡವಾದರೆ ಏನಾಗುವುದು? ಹಾಲಿಲ್ಲದ ಹಸುವಿಗೆ ದಿನಕ್ಕೆ ಪಶು ಆಹಾರ 50, ಒಣ ಹುಲ್ಲು 36, ಹಸಿರು ಮೇವು 40, ಕೂಡಿ 126 ರೂಪಾಯಿ. 120 ದಿನಕ್ಕೆ 15,120 ರೂಪಾಯಿ. ಬೆಲೆ ಇಳಿದ ನಷ್ಟಕ್ಕಿಂತ ಇದು ಹೆಚ್ಚು. ಇದಕ್ಕಾಗಿ ಯಾರೂ ಕೂಗಾಡುವುದಿಲ್ಲ. ಹಸುವು ಬೆದೆಗೆ ಬಂದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಟ್ಟು, ಸುಮಾರು 21 ದಿನಕ್ಕೊಮ್ಮೆ ಗಮನಿಸಿ, ತಕ್ಕ ಹೊತ್ತಿಗೆ ವೈದ್ಯರನ್ನು ಕರೆಸುವುದಕ್ಕೆ ಒಂದು ಪೆನ್ಸಿಲಿನ ಖರ್ಚು ಸಾಕು. ಅದರಂತೆಯೇ, ಹಸಿರು ಮೇವಿನ ಅರ್ಧವನ್ನು ಅಲಸಂದೆಯಂಥ ದ್ವಿದಳದ ಮೇವಿನಿಂದ ತುಂಬಿದರೆ ದಿನಕ್ಕೆ ಅರ್ಧ ಕೆ.ಜಿ. ಪಶು ಆಹಾರವಾದರೂ ಉಳಿದು, 300 ದಿನಕ್ಕೆ 3,750 ರೂಪಾಯಿ ಉಳಿಯುವುದು. ಬೆಲೆಯನ್ನು ಗೊತ್ತುಮಾಡುವುದು ನಮ್ಮ ಕೈಯಲ್ಲಿ ಪೂರ್ತಿಯಾಗಿಲ್ಲ. ಇವಾದರೆ ನಮ್ಮ ಕೈಯಲ್ಲಿವೆ.

4. ಮುಂದಣ ಬಂಡವಾಳ

ಎರಡನೆಯ ಹಸುವಿನ ಪ್ರಶ್ನೆಯನ್ನು ಈಗ ನೋಡೋಣ. 70,000 ರೂಪಾಯಿ ಸಾಲವನ್ನು ನೂರಕ್ಕೆ ಹತ್ತರ ಬಡ್ಡಿಯಂತೆ ಮೂರು ವರ್ಷಗಳಲ್ಲಿ ತೀರಿಸಬೇಕಾದರೆ ತಿಂಗಳ ಕಂತು ಸುಮಾರು 2,260 ರೂಪಾಯಿ. ಮೇಲಿನ ಲೆಕ್ಕದಂತೆ ಹಸುವು ವೆಚ್ಚ ಕಳೆದು ಕೊಡುವುದು ತಿಂಗಳಿಗೆ ಸರಾಸರಿ 2,790 ರೂಪಾಯಿ. ಎಲ್ಲವೂ ಸರಿಯಾಗಿ ನಡೆದರೆ ಕೈಯಲ್ಲಿ ಉಳಿಯುವುದು 530 ರೂಪಾಯಿ ಮಾತ್ರ. ನಾಲ್ಕು ತಿಂಗಳು ಗಬ್ಬ ತಡವಾದರೆ ಮೇವಿಗೆ 15,120, ಕಂತಿಗೆ 9,040, ಒಟ್ಟು 24,160 ರೂಪಾಯಿಯನ್ನು ಬೇರೆ ಕಡೆಯಿಂದ ತರಬೇಕು. ಇನ್ನು ರೋಗದ ಭಯ. 2022ರಲ್ಲಿ ಚರ್ಮಗಂಟು ರೋಗವು ನಮ್ಮ ರಾಜ್ಯದಲ್ಲಿ ಹಬ್ಬಿ ಎಷ್ಟು ದನಗಳನ್ನು ತೆಗೆದುಕೊಂಡು ಹೋಯಿತೆಂಬುದು ಎಲ್ಲರಿಗೂ ನೆನಪಿದೆ. ಕಾಲುಬಾಯಿ ಜ್ವರಕ್ಕೆ ಸರ್ಕಾರದವರು ಉಚಿತವಾಗಿ ಲಸಿಕೆ ಹಾಕುವರು. ಬಂದಾಗ ಹಸುವನ್ನು ಬಚ್ಚಿಡದೆ ಹಾಕಿಸಿಕೊಳ್ಳಬೇಕು. ವಿಮೆಯಿಲ್ಲದ ಹಸುವಿನ ಮೇಲೆ ಸಾಲ ಮಾಡುವುದು ನೀರಿನ ಮೇಲೆ ಗೋಡೆ ಕಟ್ಟಿದಂತೆ.

ಹಾಗಾದರೆ ಬಂಡವಾಳವನ್ನು ಯಾವ ಕ್ರಮದಲ್ಲಿ ಹಾಕಬೇಕು? ನಮ್ಮ ತರಗತಿಯು ಚರ್ಚಿಸಿ ನಾಲ್ಕು ಮೆಟ್ಟಿಲುಗಳನ್ನು ಗೊತ್ತುಮಾಡಿತು. ಮೊದಲನೆಯದು, ಮನೆಯ ಹತ್ತಿರ ಹತ್ತು ಗುಂಟೆಯಾದರೂ ಮೇವಿನ ಬೆಳೆ. ಎರಡನೆಯದು, ಶ್ರಮವನ್ನು ಉಳಿಸುವ ಏರ್ಪಾಡು: ಕೊಟ್ಟಿಗೆಗೆ ನೀರಿನ ಕೊಳವೆ, ಗಂಜಲ ಹರಿಯುವಂತೆ ಇಳಿಜಾರಾದ ನೆಲ, ಹುಲ್ಲು ಕತ್ತರಿಸುವ ಯಂತ್ರ. ಇವಕ್ಕೆ ಹಸುವಿನ ಬೆಲೆಯಷ್ಟು ಹಣ ಬೇಕಿಲ್ಲ. ದಿನಕ್ಕೆ ಒಂದು ಗಂಟೆ ಉಳಿದರೂ ವರ್ಷಕ್ಕೆ 365 ಗಂಟೆ ಉಳಿಯಿತು. ಮೂರನೆಯದು, ಮನೆಯಲ್ಲಿ ಹುಟ್ಟಿದ ಹೆಣ್ಣು ಕರುವನ್ನು ಮಾರದೆ ಚೆನ್ನಾಗಿ ಸಾಕುವುದು. ಒಳ್ಳೆಯ ಆರೈಕೆಯಿದ್ದರೆ ಎರಡೂವರೆ ಮೂರು ವರ್ಷಗಳಲ್ಲಿ ಅದು ಈದು ಹಾಲು ಕೊಡುವುದು. ಅದಕ್ಕೆ ಬಡ್ಡಿಯಿಲ್ಲ, ಅದರ ತಾಯಿಯ ಗುಣ ನಮಗೆ ಗೊತ್ತು, ಸಂತೆಯ ದಲ್ಲಾಳಿಯ ಮಾತನ್ನು ನಂಬಬೇಕಾಗಿಲ್ಲ. ನಾಲ್ಕನೆಯದು, ಇವೆಲ್ಲವೂ ಆದ ಮೇಲೆ ಸಾಲದ ಹಸು.

ಕರುವನ್ನು ಸಾಕುವ ಮೂರು ವರ್ಷಗಳಲ್ಲಿ ಅದರಿಂದ ಒಂದು ತೊಟ್ಟು ಹಾಲೂ ಬರುವುದಿಲ್ಲ. ಆದುದರಿಂದಲೇ ಅವಸರದವರು ಅದನ್ನು ಅಲಕ್ಷ್ಯ ಮಾಡುವರು. ತಾಯಿಯ ಹಾಲನ್ನು ಕೊನೆಯ ತೊಟ್ಟಿನವರೆಗೂ ಡೈರಿಗೆ ಹಾಕಿ ಕರುವನ್ನು ಬಡಕಲು ಮಾಡುವರು. ನಾಲ್ಕು ವರ್ಷಗಳಾದ ಮೇಲೆ ತಮ್ಮ ಕೊಟ್ಟಿಗೆಯಲ್ಲಿ ಒಳ್ಳೆಯ ಹಸುವಿಲ್ಲವೆಂದು ಸಾಲಕ್ಕೆ ಹೊರಡುವರು. ಇಂದು ಫಲ ಕೊಡದಿರುವುದಕ್ಕೆ ಇಂದು ವೆಚ್ಚ ಮಾಡುವ ಧೈರ್ಯವೇ ಬಂಡವಾಳವೆಂಬುದರ ಅರ್ಥ. ಸತ್ಯವೇದದ ಜ್ಞಾನೋಕ್ತಿಗಳ 27ನೆಯ ಅಧ್ಯಾಯದ ಕೊನೆಯ ವಚನಗಳನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಬೆಳಗಿನ ಪ್ರಾರ್ಥನೆಯಲ್ಲಿ ಕೇಳಿರುವರು. ತನ್ನ ಮಂದೆಗಳ ಸ್ಥಿತಿಯನ್ನು ಚೆನ್ನಾಗಿ ತಿಳಿದುಕೊಳ್ಳಬೇಕೆಂಬ ಬುದ್ಧಿವಾದವೂ, ಹುಲ್ಲಿನ ಮಾತೂ, ಮನೆಯವರೆಲ್ಲರಿಗೆ ಸಾಲುವ ಹಾಲಿನ ಮಾತೂ ಅಲ್ಲಿ ಒಂದರ ಹಿಂದೆ ಒಂದು ಬರುತ್ತವೆ. ಆ ಪ್ರಾಚೀನ ಜ್ಞಾನಿಯು ಮಂದೆ, ಹುಲ್ಲು, ಮನೆವಾರ್ತೆ ಮೂರನ್ನೂ ಒಂದೇ ಲೆಕ್ಕದಲ್ಲಿ ಸೇರಿಸಿದನು. ನಾವು ಅವನ್ನು ಬೇರೆ ಬೇರೆ ಮಾಡಿದುದರಿಂದಲೇ ತಪ್ಪುತ್ತೇವೆ.

5. ಆ ಹುಡುಗಿಯ ಮನೆಯಲ್ಲಿ

ಲೆಕ್ಕವು ಮುಗಿದ ಮೇಲೆ ಆ ಹುಡುಗಿಯು ಅದನ್ನು ಚೊಕ್ಕಟವಾದ ಕಾಗದದ ಮೇಲೆ ಬರೆದು ಮನೆಗೆ ಕೊಂಡೊಯ್ದಳು. ಮುಂದಿನ ವಾರ ಅವಳ ತಂದೆಯೇ ಬಂದರು. ಅವರು ಕೋಪದಿಂದ ಬಂದಿರುವರೆಂದು ನಾವು ಎಣಿಸಿದೆವು. ಅವರು ಕಾಗದವನ್ನು ಮೇಜಿನ ಮೇಲಿಟ್ಟು, "ಒಣ ಹುಲ್ಲಿಗೆ ಆರು ರೂಪಾಯಿ ಹಾಕಿದ್ದೀರಿ ಅಮ್ಮಾ, ನಮ್ಮದು ಮನೆಯ ಮೆದೆ, ಅಷ್ಟು ಬೀಳುವುದಿಲ್ಲ" ಎಂದರು. ನಾವು ತಿದ್ದಿಕೊಂಡೆವು. ಆ ಮೇಲೆ ಅವರು ಕೆಳಗಿನ ಸಾಲನ್ನು ಬೆರಳಿನಿಂದ ತೋರಿಸಿ, "ಈ ಗಂಟೆಯ ಲೆಕ್ಕ ಮಾತ್ರ ನಾನು ಯಾವತ್ತೂ ಹಾಕಿರಲಿಲ್ಲ" ಎಂದು ಹೇಳಿ ಸುಮ್ಮನಾದರು.

ಎರಡನೆಯ ಹಸುವನ್ನು ಆ ವರ್ಷ ತರಲಿಲ್ಲ. ಕೊಳವೆಬಾವಿಯ ಪಕ್ಕದಲ್ಲಿ ಎಂಟು ಗುಂಟೆಗೆ ಹುಲ್ಲನ್ನು ನಾಟಿದರು. ಬೆಳಗಿನ ಹುಲ್ಲನ್ನು ತಂದೆಯೇ ಕೊಯ್ಯುವರೆಂದೂ, ಸಂಜೆಯದನ್ನು ತಾಯಿಮಗಳು ಹಂಚಿಕೊಳ್ಳುವರೆಂದೂ ಏರ್ಪಾಡಾಯಿತು. ಸುಗ್ಗಿಯ ಕಾಲದಲ್ಲಿ ಈ ಏರ್ಪಾಡು ತಪ್ಪಿದ್ದೂ ಉಂಟು; ಆ ದಿನಗಳಲ್ಲಿ ಹುಡುಗಿ ತಡವಾಗಿಯೇ ಬರುತ್ತಿದ್ದಳು. ನಾವು ಹಾಜರಿಯ ಪುಸ್ತಕವನ್ನು ಒಂದು ಗಂಟೆ ತಡವಾಗಿ ಮುಚ್ಚುವುದನ್ನು ಕಲಿತೆವು. ಅವಳು ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಈಗ ಪದವಿಪೂರ್ವ ತರಗತಿಯಲ್ಲಿ ವಾಣಿಜ್ಯವನ್ನು ಓದುತ್ತಿದ್ದಾಳೆ. ಮನೆಯಲ್ಲಿ ಬೆಳೆಸಿದ ಕಡಸು ಗಬ್ಬವಾಗಿದೆಯೆಂದು ಹೋದ ತಿಂಗಳು ಹೇಳಿಕಳುಹಿಸಿದ್ದರು.

ಎಲ್ಲರಿಗೂ ಇದೇ ಉತ್ತರವೆಂದು ನಾವು ಹೇಳುವುದಿಲ್ಲ. ಅದೇ ತರಗತಿಯ ಮತ್ತೊಬ್ಬಳ ಮನೆಯಲ್ಲಿ ನೀರಾವರಿಯ ಮೇವೂ ಇತ್ತು, ಇಬ್ಬರು ಚಿಕ್ಕಪ್ಪಂದಿರ ಕೈಗಳೂ ಇದ್ದವು. ಅವರು ಇದೇ ಲೆಕ್ಕವನ್ನು ಮಾಡಿ ಎರಡು ಹಸುಗಳನ್ನು ತಂದರು, ಚೆನ್ನಾಗಿಯೇ ನಡೆಯುತ್ತಿದೆ. ಎರಡು ಹಸುಗಳಿಗೆ ಎರಡರಷ್ಟು ಹೊತ್ತು ಹಿಡಿಯುವುದಿಲ್ಲವೆಂಬುದೂ ನಿಜವೇ. ಲೆಕ್ಕವು ಒಂದೇ; ಮನೆಮನೆಗೆ ಉತ್ತರ ಬೇರೆ.

6. ಮನೆಯಲ್ಲಿ ಮಾಡತಕ್ಕ ಅಭ್ಯಾಸ

ತಾಯಿತಂದೆಗಳೂ ಹಳೆಯ ವಿದ್ಯಾರ್ಥಿನಿಯರೂ ಈ ಪ್ರಶ್ನೆಗಳಿಗೆ ತಮ್ಮ ಮನೆಯ ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದು ನೋಡಬೇಕೆಂದು ಕೋರುತ್ತೇವೆ.

ಒಂದು: ಹೋದ ತಿಂಗಳ ಡೈರಿಯ ಚೀಟಿಗಳಲ್ಲಿ ಜಿಡ್ಡು ಮತ್ತು ಘನಾಂಶ ಏರಿದೆಯೋ ಇಳಿದಿದೆಯೋ?
ಎರಡು: ಹಸುವು ಹಿಂದಿನ ಸಾರಿ ಈದ ದಿನಕ್ಕೂ ಅದರ ಹಿಂದಿನ ಸಾರಿ ಈದ ದಿನಕ್ಕೂ ಎಷ್ಟು ತಿಂಗಳ ಅಂತರ? ಹದಿಮೂರು ತಿಂಗಳಿಗಿಂತ ಹೆಚ್ಚಾಗಿದ್ದರೆ ಅದರ ಬೆಲೆಯೆಷ್ಟು?
ಮೂರು: ದಿನದ ಹುಲ್ಲು ಎಷ್ಟು ದೂರದಿಂದ ಬರುತ್ತದೆ? ತರುವವರು ಯಾರು?
ನಾಲ್ಕು: ಸಂಘದ ಸದಸ್ಯತ್ವವೂ ಬಟವಾಡೆಯ ಬ್ಯಾಂಕಿನ ಪುಸ್ತಕವೂ ಯಾರ ಹೆಸರಿನಲ್ಲಿವೆ? ಹಾಲು ಕರೆಯುವವಳ ಹೆಸರಿನಲ್ಲಿ ಇಲ್ಲದಿದ್ದರೆ ಏತಕ್ಕೆ ಇಲ್ಲ?
ಐದು: ಮುಂದೆ ತರಬೇಕೆಂದಿರುವ ಹಸುವಿಗೆ ದಿನದ ನಾಲ್ಕು ಗಂಟೆಗಳನ್ನು ಮನೆಯಲ್ಲಿ ಯಾರು ಕೊಡುವರು? ಆ ಗಂಟೆಗಳಲ್ಲಿ ಅವರು ಈಗ ಏನು ಮಾಡುತ್ತಿದ್ದಾರೆ?

ಐದನೆಯ ಪ್ರಶ್ನೆಗೆ ಉತ್ತರವಾಗಿ ಶಾಲೆಗೆ ಹೋಗುವ ಮಗಳ ಹೆಸರು ಬಂದರೆ, ದಯವಿಟ್ಟು ಹಾಳೆಯನ್ನು ಅಲ್ಲಿಗೇ ಮಡಿಸಿಡದೆ ನಮ್ಮ ಬಳಿಗೆ ತನ್ನಿರಿ. ಕೂಡಿ ಕುಳಿತು ಇನ್ನೊಂದು ಸಾರಿ ಲೆಕ್ಕ ಮಾಡೋಣ. ಶನಿವಾರ ಮಧ್ಯಾಹ್ನದ ಮೇಲೆ ನಾವು ಶಾಲೆಯಲ್ಲಿಯೇ ಇರುತ್ತೇವೆ.